ಕಂಪ್ಯೂಟರಿನ ಮುಯ್ಯಾಳು

ಅಪ್ಪನ ಕೈ ನಡುಗುತ್ತದೆ ಎಂದು ನಮಗೆ ಗೊತ್ತಾದದ್ದು ಹೊಗೆಸೊಪ್ಪು ವಿಂಗಡಿಸುವ ಕಾಲದಲ್ಲಿ. ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆಗೆ ಹೋಗುವ ರಸ್ತೆಯಲ್ಲಿ ನಮ್ಮೂರು. ಮೂರು ಎಕರೆ ಹೊಗೆಸೊಪ್ಪು, ಮನೆಯ ಹಿಂದೆಯೇ ಅದನ್ನು ಬೇಯಿಸುವ ಬ್ಯಾರನ್. ಅದರ ಕಾವಿನಲ್ಲಿ ಬೆಂದು ಇಳಿದ ಎಲೆಯನ್ನು ಬಣ್ಣ ನೋಡಿ, ಮುಟ್ಟಿ ನೋಡಿ, ಬೇರೆ ಬೇರೆ ಗುಡ್ಡೆ ಹಾಕಬೇಕು. ನಿಂಬೆಹಣ್ಣಿನ ಬಣ್ಣದ್ದು ಒಂದು ಕಡೆ, ಕಿತ್ತಳೆಗೆ ತಿರುಗಿದ್ದು ಒಂದು ಕಡೆ, ಹಸಿರು ಮಚ್ಚೆ ಉಳಿದದ್ದು ಇನ್ನೊಂದು ಕಡೆ. ಅಪ್ಪ ಆ ಕೆಲಸದಲ್ಲಿ ಹೆಸರಾದವನು. ಅಕ್ಕಪಕ್ಕದ ಊರಿನವರೂ ಹರಾಜಿಗೆ ಮುಂಚೆ ಅವನನ್ನು ಕರೆಸಿಕೊಂಡು ತಮ್ಮ ಸೊಪ್ಪು ತೋರಿಸುತ್ತಿದ್ದರು. ಆ ವರ್ಷ ಅವನ ಬಲಗೈಗೆ ಬಂದ ಎಲೆಗಳ ಅಂಚು ಮುರಿದು ಬೀಳತೊಡಗಿತು. ಎಲೆ ಹೆಚ್ಚು ಒಣಗಿದೆ ಎಂದ. ಅವ್ವ ಅದೇ ಗುಡ್ಡೆಯಿಂದ ತೆಗೆದುಕೊಂಡ ಎಲೆ ಮುರಿಯಲಿಲ್ಲ.

ಮೈಸೂರಿನ ಡಾಕ್ಟರು ಅಪ್ಪನಿಗೆ ಒಂದು ಹಾಳೆ ಕೊಟ್ಟು ಹೆಸರು ಬರೆಯಲು ಹೇಳಿದರು. ಅಪ್ಪ ನಾಲ್ಕನೇ ಕ್ಲಾಸಿನ ತನಕ ಓದಿದವನು. ಒಂದರ ಕೆಳಗೊಂದು ಐದು ಸಲ ಬರೆದ. ಮೊದಲನೆಯದು ದೊಡ್ಡದಾಗಿತ್ತು, ಕೊನೆಯದನ್ನು ಓದಲು ಹಾಳೆಯನ್ನು ಕಣ್ಣಿನ ಹತ್ತಿರ ತರಬೇಕಿತ್ತು. ಡಾಕ್ಟರು ಅದನ್ನೇ ಸ್ವಲ್ಪ ಹೊತ್ತು ನೋಡಿದರು. ಇದು ಕಂಪವಾತ, ಮಾತ್ರೆಯಿಂದ ಹತೋಟಿಯಲ್ಲಿ ಇಡಬಹುದು, ಗುಣ ಮಾಡಲು ಬರುವುದಿಲ್ಲ ಎಂದರು. ಮಿದುಳಿನಲ್ಲಿ ಒಂದು ಬಗೆಯ ಪ್ರೋಟೀನು ಸರಿಯಾಗಿ ಮಡಚಿಕೊಳ್ಳದೆ ಗಂಟುಗಟ್ಟುತ್ತದೆ, ಯಾಕೆ ಹಾಗಾಗುತ್ತದೆ ಎಂದು ಇನ್ನೂ ಹುಡುಕುತ್ತಿದ್ದಾರೆ ಎಂದು ನನ್ನ ಕಡೆ ತಿರುಗಿ ಹೇಳಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ಕೇಳಿದ, "ವಾಸಿ ಆಗಾಕಿಲ್ಲ ಅಂದ್ರಲ್ವಾ?"

"ಹೂಂ."

"ಅಂಗಾದ್ರೆ ತಿಂಗ್ಳು ತಿಂಗ್ಳು ಬರೋದ್ಯಾಕೆ? ಬುಡು ಅತ್ಲಾಗೆ."

ಅವ್ವ ಬಿಡಲಿಲ್ಲ. ಮಾತ್ರೆ ಶುರುವಾಯಿತು.

ಆಗ ನಾನು ಹುಣಸೂರಿನ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದೆ. ಮೆಡಿಕಲ್ ಸ್ಟೋರಿನ ಮೇಲಿನ ಮಹಡಿ, ಏಳು ಕಂಪ್ಯೂಟರು, ಒಂದು ಟೆಲಿಫೋನ್ ಲೈನು. ಹಿಂದೆ ಫೋಟೊ ಸ್ಟುಡಿಯೋ ಇಟ್ಟುಕೊಂಡಿದ್ದವರೊಬ್ಬರು ಅದರ ಮಾಲೀಕರು. ಬೆಳಗಿನ ಬ್ಯಾಚು ಮುಗಿದು ಮಧ್ಯಾಹ್ನದ ಬ್ಯಾಚು ಬರುವ ತನಕ ಮೂರು ಗಂಟೆ ಏಳು ಕಂಪ್ಯೂಟರೂ ಖಾಲಿ ಕುಳಿತಿರುತ್ತಿದ್ದವು.

ಒಂದು ಕಂಪ್ಯೂಟರ್ ಪತ್ರಿಕೆಯ ಜೊತೆ ಬಂದ ಸಿ.ಡಿ.ಯಲ್ಲಿ ಆ ಪ್ರೋಗ್ರಾಂ ಇತ್ತು. ಯಾವುದೋ ದೂರದ ವಿಶ್ವವಿದ್ಯಾಲಯದವರು ಮಾಡಿದ್ದು. ಪ್ರೋಟೀನು ಹೇಗೆ ಮಡಚಿಕೊಳ್ಳುತ್ತದೆ ಎಂಬ ಲೆಕ್ಕ ಎಷ್ಟು ದೊಡ್ಡದೆಂದರೆ ಒಂದು ಯಂತ್ರದಿಂದ ಆಗುವುದಿಲ್ಲ. ಅದನ್ನು ಸಣ್ಣ ಸಣ್ಣ ತುಂಡು ಮಾಡಿ ಲೋಕದ ಯಾರ ಕಂಪ್ಯೂಟರಿಗೆ ಬೇಕಾದರೂ ಕಳಿಸುತ್ತಾರೆ. ನಮ್ಮ ಕಂಪ್ಯೂಟರು ಬಿಡುವಾಗಿದ್ದಾಗ ಆ ತುಂಡಿನ ಲೆಕ್ಕ ಮಾಡಿ ವಾಪಸು ಕಳಿಸುತ್ತದೆ. ಅದಕ್ಕೆ ಯಾರಿಗೂ ದುಡ್ಡು ಕೊಡುವುದಿಲ್ಲ, ಯಾರಿಂದಲೂ ದುಡ್ಡು ಕೇಳುವುದಿಲ್ಲ. ಪ್ರೋಟೀನು, ಮಡಚಿಕೊಳ್ಳುವುದು ಎಂಬ ಎರಡು ಮಾತು ಓದಿದ್ದೇ ನಾನು ಅದನ್ನು ಹಾಕಿಬಿಟ್ಟೆ. ಮೊದಲು ನಾನು ಕೂರುವ ಕಂಪ್ಯೂಟರಿಗೆ, ಒಂದು ವಾರದಲ್ಲಿ ಏಳಕ್ಕೂ. ಮಾಲೀಕರನ್ನು ಕೇಳಲಿಲ್ಲ. ಕೇಳಿದರೆ ಬೇಡ ಎನ್ನುತ್ತಾರೆ ಎಂದು ಗೊತ್ತಿದ್ದರಿಂದಲೇ ಕೇಳಲಿಲ್ಲ ಎಂದು ಈಗ ಹೇಳಬಲ್ಲೆ. ಆಗ, ಅವರಿಗೆ ಇದರಿಂದ ಏನೂ ನಷ್ಟವಿಲ್ಲ ಎಂದುಕೊಂಡಿದ್ದೆ.

ಮಧ್ಯಾಹ್ನ ಬುತ್ತಿ ತಿನ್ನುತ್ತ ಪರದೆಗಳನ್ನು ನೋಡುತ್ತಿದ್ದೆ. ಮಣಿಸರದಂಥದ್ದೊಂದು ಪರದೆಯ ಮೇಲೆ ಹೊರಳುತ್ತ, ಸುತ್ತಿಕೊಳ್ಳುತ್ತ ಇರುತ್ತಿತ್ತು. ಕೆಳಗೆ ನೂರರಲ್ಲಿ ಎಷ್ಟು ಮುಗಿದಿದೆ ಎಂಬ ಸಂಖ್ಯೆ. ಒಂದು ತುಂಡು ಮುಗಿಯಲು ಎರಡು ಮೂರು ವಾರ ಬೇಕಾಗುತ್ತಿತ್ತು. ಮುಗಿದಾಗ ಟೆಲಿಫೋನ್ ಲೈನಿನಲ್ಲಿ ಇಂಟರ್ನೆಟ್ ಹಾಕಿ ಕಳಿಸುತ್ತಿದ್ದೆ. ಮನೆಗೆ ಬಂದು ಅಪ್ಪನಿಗೆ ಹೇಳಿದರೆ ಅವನು ಕೇಳಿಸಿಕೊಂಡು ಬ್ಯಾರನ್ನಿನ ಕಡೆ ಹೋಗುತ್ತಿದ್ದ.

ಹೀಗೆ ಐದಾರು ತಿಂಗಳು ನಡೆಯಿತು. ಬೇಸಿಗೆಯಲ್ಲಿ ಸರ್ಟಿಫಿಕೇಟಿನ ಪರೀಕ್ಷೆ ಬಂತು. ಎಚ್.ಡಿ.ಕೋಟೆಯ ಹ್ಯಾಂಡ್‌ಪೋಸ್ಟ್ ಕೂಡುರಸ್ತೆಯಿಂದಾಚೆಯ ಹಳ್ಳಿಯ ಹುಡುಗಿಯೊಬ್ಬಳು ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದಳು. ನನ್ನ ಬ್ಯಾಚಿನಲ್ಲಿ ಎಲ್ಲರಿಗಿಂತ ಚುರುಕು. ಪರೀಕ್ಷೆಯ ಕೊನೆಯ ಅರ್ಧ ಗಂಟೆಯಲ್ಲಿ ಅವಳ ಕಂಪ್ಯೂಟರು ತಾನೇ ತಾನಾಗಿ ಆರಿ ಮತ್ತೆ ಹತ್ತಿಕೊಂಡಿತು. ಟೈಪು ಮಾಡಿದ್ದೆಲ್ಲ ಹೋಗಿತ್ತು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಹೊತ್ತು ಮುಗಿಯಿತು ಎಂದರು. ನಾನು ಕಂಪ್ಯೂಟರಿನ ಹಿಂಬದಿ ಕೈಯಿಟ್ಟು ನೋಡಿದೆ. ಸುಡುತ್ತಿತ್ತು. ಯಾರಾದರೂ ಟೈಪು ಮಾಡುತ್ತಿದ್ದರೂ ಬೆರಳು ನಿಂತ ಕ್ಷಣವೆಲ್ಲ ಆ ಪ್ರೋಗ್ರಾಂ ಒಳಗೆ ದುಡಿಯುತ್ತಿತ್ತು, ಆ ದಿನ ಅದನ್ನು ನಿಲ್ಲಿಸಿರಬೇಕಿತ್ತು. ನಿಲ್ಲಿಸಿರಲಿಲ್ಲ. ಮರೆತಿದ್ದೆ.

ಸಂಜೆ ಮಾಲೀಕರಿಗೆ ಎಲ್ಲ ಹೇಳಿದೆ. ಅವರು ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕೂಗಾಡಲಿಲ್ಲ. ಏಳು ಕಂಪ್ಯೂಟರಿನ ಮುಂದೆಯೂ ಒಂದೊಂದು ಸಲ ನಿಂತು ಬಂದರು.

"ಮೇಡಂ, ಮಷೀನು ನಂದು. ನನ್ನನ್ನ ಒಂದು ಮಾತು ಕೇಳ್ಬೇಕಿತ್ತು ಕಣ್ರೀ."

"ತಪ್ಪಾಯ್ತು ಸಾರ್."

"ನಿಮ್ಮಪ್ಪಂಗೆ ಉಷಾರಿಲ್ಲ ಅಂತ ನಂಗೊತ್ತು. ಅದಕ್ಕೇ ಅಂತ ಕೇಳಿದ್ರೆ ಒಂದು ಮಷೀನ್ನ ಕೊಡ್ತಿದ್ನೋ ಏನೋ. ಈಗ ಎಲ್ಲ ತೆಗೆದಾಕ್ಬುಡಿ."

ತೆಗೆದೆ. ಮೂರು ಕಂಪ್ಯೂಟರಿನಲ್ಲಿ ತುಂಡುಗಳು ಅರ್ಧ ದಾಟಿದ್ದವು. ಹುಡುಗಿಗೆ ಮರುಪರೀಕ್ಷೆ ಸಿಗುವಂತೆ ಮಾಲೀಕರೇ ಮೈಸೂರಿಗೆ ಓಡಾಡಿದರು. ಅವಳು ಮತ್ತೆ ಬಂದ ದಿನ ಪರೀಕ್ಷೆಗೆ ಮುಂಚೆ ಅವಳನ್ನು ಹೊರಗೆ ಮೆಟ್ಟಿಲ ಹತ್ತಿರ ಕರೆದು, ಕಂಪ್ಯೂಟರು ಕೆಟ್ಟದ್ದಲ್ಲ, ನನ್ನಿಂದ ಹಾಗಾಯಿತು ಎಂದೆ.

"ಅದೇನ್ ಲೆಕ್ಕ ಮಾಡ್ತಿತ್ತು ಮೇಡಂ ಅದು?" ಎಂದಳು.

ಹೇಳಿದೆ.

"ನಮ್ಮಜ್ಜಿಗೂ ಕೈ ನಡುಗ್ತಿತ್ತು," ಎಂದಳು. ಒಳಗೆ ಹೋಗುತ್ತ, "ಆದ್ರೂ ನನ್ ಪರೀಕ್ಷೆ ದಿನ ಬ್ಯಾಡವಾಗಿತ್ತು ಮೇಡಂ," ಎಂದಳು. ಪಾಸಾದಳು. ಸರ್ಟಿಫಿಕೇಟು ತೆಗೆದುಕೊಂಡು ಹೋಗುವಾಗ ನಕ್ಕು ಹೋದಳು. ಅವಳು ನಕ್ಕಳೆಂದು ನನ್ನ ಭಾರವೇನೂ ಕಡಿಮೆಯಾಗಲಿಲ್ಲ.

ಮಾರನೇ ವರ್ಷ ಮನೆಗೆ ಒಂದು ಹಳೆಯ ಕಂಪ್ಯೂಟರು ತಂದೆ, ಟೆಲಿಫೋನ್ ಲೈನನ್ನೂ ಹಾಕಿಸಿದೆ. ನನ್ನ ಮಷೀನಿನಲ್ಲಿ ನನ್ನ ಇಷ್ಟ ಎಂದು ಮತ್ತೆ ಅದೇ ಪ್ರೋಗ್ರಾಂ ಹಾಕಿದೆ. ಆದರೆ ಹಳ್ಳಿಯಲ್ಲಿ ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಪ್ರತಿ ತುಂಡಿಗೂ ಒಂದು ಗಡುವು ಇರುತ್ತಿತ್ತು. ಗಡುವು ದಾಟಿದರೆ ಅದನ್ನು ಬೇರೆ ಯಾರಿಗೋ ಕೊಡುತ್ತಿದ್ದರು. ನನ್ನವು ಹತ್ತರಲ್ಲಿ ಆರು ಹಾಗೆ ಹೋಗುತ್ತಿದ್ದವು. ಅಷ್ಟರಲ್ಲಿ ಅಪ್ಪನ ಹೆಜ್ಜೆಯೂ ಗಿಡ್ಡವಾಗಿತ್ತು. ಅವನು ಎಲೆ ಮುಟ್ಟುವುದನ್ನು ಬಿಟ್ಟು, ಒಂದು ಮಣೆಯ ಮೇಲೆ ಕುಳಿತು, ಅವ್ವ ಮತ್ತು ಅಣ್ಣನ ಹೆಂಡತಿ ಎತ್ತಿ ತೋರಿಸಿದ ಎಲೆಗೆ ಗುಡ್ಡೆ ಹೇಳುತ್ತಿದ್ದ.

ಆ ಪ್ರೋಗ್ರಾಂ ನಡೆಸುವವರೆಲ್ಲ ತಂಡ ಕಟ್ಟಿಕೊಂಡು, ಯಾರು ಎಷ್ಟು ತುಂಡು ಮುಗಿಸಿದರು ಎಂದು ಇಂಟರ್ನೆಟ್ಟಿನಲ್ಲಿ ಪಟ್ಟಿ ಹಾಕುತ್ತಿದ್ದರು. ನಮ್ಮ ದೇಶದ ತಂಡದ ಪಟ್ಟಿಯಲ್ಲಿ ಒಂದು ದಿನ ಒಬ್ಬರ ಊರಿನ ಹೆಸರು ಚುಂಚನಕಟ್ಟೆ ಎಂದಿತ್ತು. ನಾನು ಎರಡು ಸಲ ಓದಿದೆ. ಕೆ.ಆರ್.ನಗರದಾಚೆಯ ಆ ಚುಂಚನಕಟ್ಟೆಯಲ್ಲಿ ಈ ಕೆಲಸ ಮಾಡುವವರು ಯಾರಿರಬಹುದು ಎಂದು ಅವರಿಗೆ ಬರೆದೆ. ಅದೇ ದಿನ ಉತ್ತರ ಬಂತು. ನೀರಾವರಿಯ ಕೆಲಸದಲ್ಲಿದ್ದು ನಿವೃತ್ತರಾದ ಎಂಜಿನಿಯರು. ಗದ್ದೆ ನೋಡಿಕೊಂಡು ಹೆಂಡತಿಯೊಂದಿಗೆ ಊರಲ್ಲೇ ಇದ್ದರು. ನಾನು ಅಪ್ಪನ ವಿಷಯ ಬರೆದು, ನಿಮಗೇನು ಕಾರಣ ಎಂದು ಕೇಳಿದ್ದೆ. "ನನಗೆ ಅಂಥಾ ಕಾರಣ ಏನೂ ಇಲ್ಲಮ್ಮ. ಮಷೀನು ಸುಮ್ಮನೆ ಕೂತಿದ್ದರೆ ನೋಡೋಕಾಗಲ್ಲ, ಅಷ್ಟೆ" ಎಂದು ಬರೆದಿದ್ದರು. ಆ ಉತ್ತರ ನನಗೆ ಹಿಡಿಸಿತು.

ಎರಡು ವರ್ಷ ಹೀಗೆ ಬರೆದುಕೊಂಡಿದ್ದೆವು. ಕರೆಂಟಿನ ತಾಪತ್ರಯ ಅವರಿಗೂ ಇತ್ತು. ಆಮೇಲೊಂದು ಸಲ ಅವರು ಹೊಸ ಸುದ್ದಿ ಬರೆದರು. ಹೊರದೇಶದ ಒಂದು ಕಂಪನಿಯವರು ಕಂಪ್ಯೂಟರನ್ನು ಬಾಡಿಗೆಗೆ ಕೊಡುತ್ತಾರಂತೆ. ಅದು ಅವರಲ್ಲೇ ಇರುತ್ತದೆ, ನಾವು ಇಲ್ಲಿಂದಲೇ ನಡೆಸಬಹುದು. ನಿಜವಾಗಿ ಅದು ಬಿಡಿಯಾದ ಕಂಪ್ಯೂಟರು ಕೂಡ ಅಲ್ಲ. ಒಂದು ದೊಡ್ಡ ಯಂತ್ರದೊಳಗೆ ಪಾಲು ಮಾಡಿ ಮಾಡಿದ ಹಲವು ಕಂಪ್ಯೂಟರುಗಳಲ್ಲಿ ಒಂದು. ಕ್ಲೌಡ್ ಎನ್ನುತ್ತಾರೆ. ಮೊದಲ ಕೆಲವು ತಿಂಗಳು ಪರೀಕ್ಷಿಸಿ ನೋಡಲು ಬಿಟ್ಟಿ ಕೊಡುತ್ತಾರೆ. ಅಲ್ಲಿ ಕರೆಂಟು ಹೋಗುವುದಿಲ್ಲ. "ಒಂದು ಭಾನುವಾರ ಬನ್ನಿ, ಇಬ್ಬರೂ ಕೂತು ಹಾಕೋಣ. ತಂದೆಯವರನ್ನೂ ಕರೆದುಕೊಂಡು ಬನ್ನಿ."

ಅಪ್ಪನಿಗೆ ಹೇಳಿದಾಗ, "ಮೋಡದಾಗೆ ಕಂಪ್ಯೂಟ್ರಾ?" ಎಂದ.

"ಹೆಸರು ಹಾಗೆ ಅಪ್ಪ. ಯಾವುದೋ ಊರಿನ ಕಟ್ಟಡದಲ್ಲಿ ಇರ್ತದೆ."

"ಯಾವೂರು?"

"ಗೊತ್ತಿಲ್ಲ."

"ಸರಿ, ನಡಿ. ಒಳೆ ನೋಡಿ ಭಾಳ ದಿನ ಆಯ್ತು," ಎಂದ.

ಹುಣಸೂರಿನಿಂದ ಕೆ.ಆರ್.ನಗರಕ್ಕೆ ಒಂದು ಬಸ್ಸು, ಅಲ್ಲಿಂದ ಚುಂಚನಕಟ್ಟೆಗೆ ಇನ್ನೊಂದು. ಇಳಿದಾಗ ಕಾವೇರಿ ಕಟ್ಟೆಯಿಂದ ಕೆಳಗೆ ಧುಮುಕುವ ಸದ್ದು ರಸ್ತೆಯವರೆಗೂ ಕೇಳುತ್ತಿತ್ತು. ಎಂಜಿನಿಯರು ಬಸ್ ನಿಲ್ಲುವಲ್ಲೇ ಕಾಯುತ್ತಿದ್ದರು. ಪಂಚೆ, ಮಾಸಿದ ಸ್ವೆಟರು, ಕೈಯಲ್ಲಿ ಒಂದು ಕೋಲು. ಗದ್ದೆಯಿಂದ ನೇರ ಬಂದಿದ್ದರು. ಅಪ್ಪನ ಹೆಜ್ಜೆಗೆ ತಕ್ಕ ಹಾಗೆ ತಾವೂ ನಿಧಾನ ನಡೆದರು.

ಮನೆಯಲ್ಲಿ ಅವರ ಹೆಂಡತಿ ಕಾಫಿ ತಂದರು. ಅಪ್ಪ ಆ ದಿನಗಳಲ್ಲಿ ಬೇರೆಯವರ ಮನೆಯಲ್ಲಿ ಕಾಫಿ ಕುಡಿಯುತ್ತಿರಲಿಲ್ಲ. ಚೆಲ್ಲುತ್ತದೆ ಎಂದು ನಾಚಿಕೆ. ಆಕೆ ಒಂದು ಸಲ ಅವನ ಕೈ ನೋಡಿದರು. ಒಳಗೆ ಹೋಗಿ ಒಂದು ದೊಡ್ಡ ಲೋಟದಲ್ಲಿ ಕಾಲು ಭಾಗ ಮಾತ್ರ ಕಾಫಿ ಹಾಕಿ ತಂದುಕೊಟ್ಟರು. ಅಪ್ಪ ಕುಡಿದ. ಆಕೆ ಮತ್ತೆ ಕಾಲು ಲೋಟ ಹಾಕಿದರು. ಹೀಗೆ ನಾಲ್ಕು ಸಲ.

ಎಂಜಿನಿಯರ ಕಂಪ್ಯೂಟರು ಹಜಾರದ ಕಿಟಕಿಯ ಪಕ್ಕದಲ್ಲಿತ್ತು. ಅವರ ಬ್ಯಾಂಕಿನ ಕಾರ್ಡು ಕೊಟ್ಟು ಖಾತೆ ತೆರೆದಾಗಿತ್ತು. ಕರಾರಿನ ಉದ್ದನೆಯ ಪುಟ ಬಂದಾಗ ಇಬ್ಬರೂ ಅದನ್ನು ಓದದೆ ಒಪ್ಪಿಗೆ ಒತ್ತಿದೆವು. ಬಾಡಿಗೆಯ ಯಂತ್ರಕ್ಕೆ ಪರದೆಯ ಮೇಲೆ ಚಿತ್ರಗಿತ್ರ ಏನೂ ಇರಲಿಲ್ಲ. ಕಪ್ಪು ಕಿಟಕಿಯೊಂದರಲ್ಲಿ ಒಂದೊಂದೇ ಸಾಲು ಟೈಪು ಮಾಡಿ ಅದಕ್ಕೆ ಕೆಲಸ ಹೇಳಬೇಕು. ನಾನು ಓದಿದೆ, ಅವರು ಟೈಪು ಮಾಡಿದರು. ಎರಡು ಸಲ ತಪ್ಪಿ ಮೂರನೇ ಸಲಕ್ಕೆ ಪ್ರೋಗ್ರಾಂ ಕುಳಿತಿತು. ಕೊನೆಯ ಸಾಲು ಟೈಪು ಮಾಡಿ ಎಂಜಿನಿಯರು ಕುರ್ಚಿ ಬಿಟ್ಟೆದ್ದರು.

"ಯಜಮಾನ್ರೇ, ಇದೊಂದು ಗುಂಡಿ ನೀವು ಒತ್ತಿ."

"ನಾನ್ಯಾಕೆ ಸಾಮಿ? ಕೈ ನಿಲ್ಲಾಕಿಲ್ಲ."

"ನಿಲ್ಲಬೇಕಾಗಿಲ್ಲ, ಬನ್ನಿ."

ಅಪ್ಪ ಒತ್ತಿದ. ನಡುಕಕ್ಕೆ ಅದು ಮೂರು ಸಲ ಒತ್ತಿಕೊಂಡಿತು.

"ಮೂರು ಸಲ ಒತ್ಬುಟ್ಟೆ. ಕೆಟ್ಟೋಯ್ತಾ?"

"ಏನೂ ಆಗಲ್ಲ. ಅದಕ್ಕೆ ಒಂದೇ ಸಾಕು, ಮಿಕ್ಕಿದ್ದು ಅದು ಲೆಕ್ಕಕ್ಕೇ ಇಟ್ಕೊಳಲ್ಲ."

ಸಾಲುಗಳು ಮೇಲೆ ಓಡತೊಡಗಿದವು. ತುಂಡು ಬಂತು, ಲೆಕ್ಕ ಶುರುವಾಯಿತು. ನೂರಕ್ಕೆ ಒಂದು, ಆಮೇಲೆ ಎರಡು ಆಯಿತು. ಮನೆಯ ಕಂಪ್ಯೂಟರಿನಲ್ಲಿ ಅಷ್ಟಾಗಲು ಅರ್ಧ ದಿನ ಬೇಕಿತ್ತು. ಅಷ್ಟರಲ್ಲಿ ಫ್ಯಾನು ನಿಂತಿತು, ಪರದೆ ಆರಿತು. ಕರೆಂಟು ಹೋಗಿತ್ತು.

"ಓಯ್ತು," ಎಂದ ಅಪ್ಪ.

"ಇಲ್ಲಿ ಹೋಯ್ತು. ಅಲ್ಲಿ ನಡೀತಾನೇ ಇರ್ತದೆ," ಎಂದರು ಎಂಜಿನಿಯರು.

ಅಪ್ಪ ನನ್ನ ಮುಖ ನೋಡಿದ. ಅವನು ನಂಬಲಿಲ್ಲ. ನಾವು ಊಟ ಮಾಡಿದೆವು, ಹೊಳೆಯ ದಡಕ್ಕೆ ಹೋಗಿ ಬಂದೆವು. ಕರೆಂಟು ಬಂದಾಗ ಮೂರು ಗಂಟೆ. ಎಂಜಿನಿಯರು ಮತ್ತೆ ಕಪ್ಪು ಕಿಟಕಿ ತೆರೆದರು. ಸಂಖ್ಯೆ ಹದಿನೇಳಕ್ಕೆ ಬಂದಿತ್ತು. ಅಪ್ಪ ಕುರ್ಚಿಯ ಹಿಂದೆ ನಿಂತು ಅದನ್ನೇ ನೋಡುತ್ತಿದ್ದ.

"ನಾವಿಲ್ದಿದ್ರೂ ಮಾಡವ್ನೆ," ಎಂದ. ಎಂಜಿನಿಯರ ಕಡೆ ತಿರುಗಿ, "ಇದು ಮುಯ್ಯಾಳು ಇದ್ದಂಗೆ ಅನ್ನಿ. ಇವತ್ತು ನಾವು ಅವ್ರ ಗದ್ದೆಗೆ ನಾಟಿಗೋದ್ರೆ ನಾಳೆ ಅವ್ರು ನಮ್ ಗದ್ದೆಗೆ ಬತ್ತಾರೆ."

"ಇದ್ರಲ್ಲಿ ತಿರುಗಿ ಯಾರೂ ಬರಲ್ಲ ಯಜಮಾನ್ರೇ," ಎಂದರು ಎಂಜಿನಿಯರು.

"ಯಾರೂವಾ?"

"ಯಾರೂ ಇಲ್ಲ. ಯಾರ ಗದ್ದೆ ಅಂತಾನೂ ಸರಿಯಾಗಿ ಗೊತ್ತಿಲ್ಲ."

ಅಪ್ಪ ಯೋಚನೆ ಮಾಡಿದ. "ಅಂಗಾದ್ರೆ ಮುಯ್ಯಲ್ಲ ಅದು. ಬೇರೆ ಏನೋ," ಎಂದ. ಐದು ಗಂಟೆಯ ಬಸ್ಸಿಗೆ ಹೊರಟೆವು. ಎಂಜಿನಿಯರ ಹೆಂಡತಿ ಒಂದು ಚೀಲದಲ್ಲಿ ಹೊಸ ಅಕ್ಕಿ ಕಟ್ಟಿಕೊಟ್ಟರು.

ಆಮೇಲೆ ಅಪ್ಪ ದಿನಾ ಕೇಳತೊಡಗಿದ, "ಎಷ್ಟಾಯ್ತು ಮಗ?" ನಾನು ಕೇಂದ್ರದಿಂದಲೋ ಮನೆಯಿಂದಲೋ ನೋಡಿ ಹೇಳುತ್ತಿದ್ದೆ. ಕೇಂದ್ರದಿಂದ ನೋಡುವ ಮುಂಚೆ ಮಾಲೀಕರನ್ನು ಕೇಳಿದ್ದೆ. ಅವರು ನಕ್ಕು, ನೋಡಿಕೊಳ್ಳಿ ಎಂದಿದ್ದರು. ಒಂದೂವರೆ ತಿಂಗಳಲ್ಲಿ ಮನೆಯ ಕಂಪ್ಯೂಟರು ಅಷ್ಟು ವರ್ಷದಲ್ಲಿ ಮಾಡಿದ್ದಕ್ಕಿಂತ ಹೆಚ್ಚು ತುಂಡು ಮುಗಿದು ಹೋದವು. ಪಟ್ಟಿಯಲ್ಲಿ ನಮ್ಮಿಬ್ಬರ ಹೆಸರು ಮೇಲೇರಿತು. ನನಗೆ ಅದು ಖುಷಿ ಕೊಟ್ಟಿತು ಎಂಬುದನ್ನೂ ಮುಚ್ಚಿಡುವುದಿಲ್ಲ. ಕೆಲವು ದಿನ ಅಪ್ಪನ ಕಾಯಿಲೆಗಿಂತ ಪಟ್ಟಿಯೇ ನನ್ನ ತಲೆಯಲ್ಲಿ ಇರುತ್ತಿತ್ತು.

ಒಂದು ದಿನ ಬೆಳಿಗ್ಗೆ ಯಂತ್ರ ತೆರೆದುಕೊಳ್ಳಲಿಲ್ಲ. ಎಂಜಿನಿಯರಿಗೆ ಕಂಪನಿಯಿಂದ ಪತ್ರ ಬಂದಿತ್ತು. ನಿಮ್ಮ ಯಂತ್ರ ಬಿಡುವಿಲ್ಲದೆ ಪೂರ್ತಿ ಬಲದಲ್ಲಿ ದುಡಿಯುತ್ತಿದೆ, ಬಿಟ್ಟಿ ಕೊಟ್ಟಿರುವುದು ಇಂಥ ಕೆಲಸಕ್ಕಲ್ಲ ಎಂದು ಕರಾರಿನಲ್ಲಿ ಇದೆ, ಆದ್ದರಿಂದ ಅಳಿಸಿದ್ದೇವೆ ಎಂದು. ಎಂಜಿನಿಯರು ಫೋನು ಮಾಡಿದಾಗ ದನಿ ಗಟ್ಟಿಯಾಗಿತ್ತು. "ನಾವೇನು ಕಳ್ಳತನ ಮಾಡಿದ್ವಾ? ಒಳ್ಳೇ ಕೆಲಸಕ್ಕೆ ತಾನೇ ಹಾಕಿದ್ದು? ಅಳಿಸೋ ಮುಂಚೆ ಒಂದು ಮಾತು ಹೇಳಬಾರದಾ?" ನಾನು ಕರಾರು ತೆರೆದು ಓದಿದೆ. ಹನ್ನೊಂದನೇ ಪುಟದಲ್ಲಿ ಸ್ಪಷ್ಟವಾಗಿ ಬರೆದಿತ್ತು. ಎರಡನೇ ಸಲವೂ ನಾನು ಬೇರೆಯವರ ಯಂತ್ರವನ್ನು ಅವರ ಮಾತು ಕೇಳದೆ ದುಡಿಸಿದ್ದೆ. ಎಂಜಿನಿಯರಿಗೆ ಹಾಗೆಂದೇ ಹೇಳಿದೆ. "ಓದಬೇಕಿತ್ತು ಕಣಮ್ಮ," ಎಂದರು.

ಯಂತ್ರ ಅಳಿಸಿಹೋದಾಗ ನಮ್ಮ ತುಂಡು ನೂರಕ್ಕೆ ತೊಂಬತ್ತೊಂದು ಆಗಿತ್ತು. ಗಡುವಿನ ಮಾರನೇ ದಿನ ಅದನ್ನು ಇನ್ನೊಬ್ಬರಿಗೆ ಕೊಟ್ಟಿದ್ದರು. ಮೂರು ದಿನದಲ್ಲಿ ಮುಗಿದೂ ಹೋಯಿತು. ಯಾರು ಮುಗಿಸಿದರು ಎಂಬಲ್ಲಿ ಬರೀ ಒಂದು ಸಂಖ್ಯೆ ಇತ್ತು. ಅಪ್ಪನಿಗೆ ಹೇಳಿದೆ.

"ಮುಗೀತಲ್ಲ?"

"ಮುಗೀತು. ನಮ್ಮಿಂದಲ್ಲ."

"ಮುಗುದ್ರೆ ಸರಿ," ಎಂದ. ಮರುದಿನದಿಂದ ಎಷ್ಟಾಯಿತು ಎಂದು ಕೇಳಲಿಲ್ಲ.

ಎಂಜಿನಿಯರು ಬಾಡಿಗೆ ಕೊಟ್ಟೇ ಒಂದು ಸಣ್ಣ ಯಂತ್ರ ತೆಗೆದುಕೊಂಡು ಕೆಲವು ತಿಂಗಳು ನಡೆಸಿದರು. ಈ ಸಲ ಕರಾರನ್ನು ಪೂರ್ತಿ ಓದಿ, ಅನುಮಾನ ಇದ್ದ ಕಡೆ ಕಂಪನಿಗೆ ಪತ್ರ ಬರೆದು ಕೇಳಿ, ಅವರು ಆಗಬಹುದು ಎಂದ ಮೇಲೆ. ಆಮೇಲೆ ಕಣ್ಣಿನ ಪೊರೆಯ ಆಪರೇಷನ್ ಆಗಿ ಕಂಪ್ಯೂಟರಿನ ಮುಂದೆ ಕೂರುವುದನ್ನು ಕಡಿಮೆ ಮಾಡಿದರು. ಅಪ್ಪನನ್ನು ನೋಡಲು ಒಂದು ಸಲ ನಮ್ಮೂರಿಗೆ ಬಂದಿದ್ದರು. ಅಪ್ಪ ಅವರನ್ನು ಮಣೆಯ ಪಕ್ಕ ಕೂರಿಸಿಕೊಂಡು ಎಲೆ ವಿಂಗಡಿಸುವುದನ್ನು ಹೇಳಿಕೊಟ್ಟ. ಅವರು ಇಡೀ ಮಧ್ಯಾಹ್ನ ತಪ್ಪು ಗುಡ್ಡೆಗೇ ಹಾಕುತ್ತಿದ್ದರು.

ಆ ವರ್ಷದ ಕೊನೆಯಲ್ಲಿ ವಿಶ್ವವಿದ್ಯಾಲಯದವರು ತಮ್ಮ ಲೆಕ್ಕದಿಂದ ಏನು ತಿಳಿಯಿತು ಎಂದು ಒಂದು ಲೇಖನ ಪ್ರಕಟಿಸಿದರು. ನಾನು ಮೊದಲ ಪುಟವನ್ನು ಕಷ್ಟಪಟ್ಟು ಓದಿ, ತಿಳಿದಷ್ಟನ್ನು ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ. ಪ್ರೋಟೀನು ಮಡಚಿಕೊಳ್ಳುವ ದಾರಿಯಲ್ಲಿ ಒಂದು ಹೆಜ್ಜೆ ಹೇಗಿದೆ ಎಂದು ಗೊತ್ತಾಗಿದೆಯಂತೆ. ಔಷಧಿ ಇಲ್ಲ. ಔಷಧಿಗೆ ಎಷ್ಟು ದೂರ ಎಂದೂ ಬರೆದಿರಲಿಲ್ಲ.

"ನಮ್ಮದೂ ಅದ್ರಾಗೆ ಐತಾ?" ಎಂದ.

"ಇರಬಹುದು. ಹೇಳೋಕಾಗಲ್ಲ."

ತಲೆ ಆಡಿಸಿದ. ಅದು ಹೂಂ ಎಂದದ್ದೋ ಕಾಯಿಲೆಯ ನಡುಕವೋ ಎಂದು ಆ ಹೊತ್ತಿಗೆ ಬೇರೆ ಮಾಡಿ ಹೇಳಲು ಬರುತ್ತಿರಲಿಲ್ಲ.

ಪ್ರೋಗ್ರಾಂನ ಹೊಸ ಆವೃತ್ತಿ ಬಂದಾಗ ಅದು ಮನೆಯ ಹಳೆಯ ಕಂಪ್ಯೂಟರಿನಲ್ಲಿ ಓಡಲಿಲ್ಲ. ಹೊಸದು ಕೊಳ್ಳುವ ಮನಸ್ಸು ಬರಲಿಲ್ಲ. ಒಂದು ಚಳಿಗಾಲದ ಬೆಳಿಗ್ಗೆ ಅದನ್ನು ತೆಗೆದುಹಾಕಿ, ಕಂಪ್ಯೂಟರು ಆರಿಸಿ, ಮೇಲೆ ಬಟ್ಟೆ ಹೊದಿಸಿದೆ. ಅವ್ವ ಒಳಗಿನಿಂದ ಬಂದು ಅದರ ಮೇಲೆ ಕೈಯಿಟ್ಟು ನೋಡಿದಳು.

"ಯಾಕೆ, ಬಿಸಿನೇ ಇಲ್ಲ?"

"ಇನ್ನು ಹಾಕಲ್ಲ ಅವ್ವ."

"ಅಯ್ಯೋ, ಚಳಿಲಿ ಇದ್ರ ಪಕ್ಕ ಇಟ್ರೆ ಮೊಸರು ಎಷ್ಟು ಗಟ್ಟಿ ಎಪ್ಪಾಗ್ತಿತ್ತು," ಎಂದಳು. ಐದು ವರ್ಷದಿಂದ ಅವಳು ಹಾಲಿನ ಪಾತ್ರೆಯನ್ನು ಆ ಕಂಪ್ಯೂಟರಿನ ಹಿಂದೆ ಇಡುತ್ತಿದ್ದಳೆಂಬುದು ನನಗೆ ಗೊತ್ತೇ ಇರಲಿಲ್ಲ.